ಪಬ್‌ಮೆಡ್‌ನಲ್ಲಿ ಹಾವು ಹುಡುಕುವುದು ಹೇಗೆ?

ಥೀಸಿಸ್‌ನ ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಕೊಡುವ ದಿನ ಹತ್ತಿರ ಬಂತೆಂದರೆ ನಮ್ಮ ಕಾಲೇಜು ಲೈಬ್ರರಿಗೆ ಪಿಜಿ ಹುಡುಗರು ಓಡಿ ಬರುತ್ತಾರೆ. ‘ಮೇಡಂ, ನನ್ನ ಟಾಪಿಕ್ ಮೇಲೆ ಪೇಪರೇ ಇಲ್ಲ!’ ಹೋದ ವರ್ಷ ಒಬ್ಬ ಹುಡುಗನ ವಿಷಯ ಹಾವು ಕಡಿತದ ಚಿಕಿತ್ಸೆ. ವೈದ್ಯಕೀಯ ಪೇಪರುಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್ ತೆರೆದು ‘ಎಎಸ್‌ವಿ’ ಅಂತ ಮೂರೇ ಅಕ್ಷರ ಹೊಡೆದಿದ್ದ. ಸ್ಕ್ರೀನ್ ತುಂಬಾ ಬ್ಯಾಕ್ಟೀರಿಯಾ. ನಮ್ಮ ವಾರ್ಡಿನಲ್ಲಿ ಎಎಸ್‌ವಿ ಅಂದರೆ ಆಂಟಿ ಸ್ನೇಕ್ ವೆನಮ್, ಹಾವಿನ ವಿಷಕ್ಕೆ ಕೊಡುವ ಔಷಧ. ಸೂಕ್ಷ್ಮಾಣು ಜೀವಿಗಳ ಡಿಎನ್‌ಎ ಓದುವವರಿಗೆ ಅದು ಆಂಪ್ಲಿಕಾನ್ ಸೀಕ್ವೆನ್ಸ್ ವೇರಿಯಂಟ್. ಪಬ್‌ಮೆಡ್‌ಗೆ ನಿಮ್ಮ ವಾರ್ಡು ಯಾವುದು ಅಂತ ಹೇಗೆ ಗೊತ್ತಾಗಬೇಕು?

ಮೊದಲು ಕಂಪ್ಯೂಟರ್ ಮುಟ್ಟಬೇಡಿ. ಯಾರಿಗೆ, ಏನು ಕೊಟ್ಟು, ಯಾವುದಕ್ಕೆ ಹೋಲಿಸಿ, ಏನನ್ನು ನೋಡುತ್ತೀರಿ ಎಂದು ಕಾಗದದ ಮೇಲೆ ಒಂದು ಸಾಲು ಬರೆಯಿರಿ.

ಎರಡನೆಯದು ಮೆಶ್. ಎಲ್ಲರೂ ಎಡವುವುದು ಇಲ್ಲೇ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1960ರಿಂದ ನಡೆಸಿಕೊಂಡು ಬಂದಿರುವ ಪದಪಟ್ಟಿ ಇದು. ಬರೆದವರು ಒಂದೇ ಕಾಯಿಲೆಯನ್ನು ಹತ್ತು ಹೆಸರಲ್ಲಿ ಕರೆದರೂ ಪೇಪರಿಗೆ ಬೀಳುವ ಚೀಟಿ, ಅಂದರೆ ವಿಷಯದ ಹೆಸರು, ಒಂದೇ. ಪಬ್‌ಮೆಡ್ ಮುಖಪುಟದಲ್ಲಿ ಕೆಳಗೆ ‘ಮೆಶ್ ಡೇಟಾಬೇಸ್’ ಇದೆ, ಅದನ್ನು ಒತ್ತಿ. ‘ಸ್ನೇಕ್‌ಬೈಟ್’ ಎಂದು ಕೊಡಿ. ಚೀಟಿಯ ಹೆಸರು ‘ಸ್ನೇಕ್ ಬೈಟ್ಸ್’ ಎಂದು ತೋರಿಸುತ್ತದೆ. ಆಂಟಿ ಸ್ನೇಕ್ ವೆನಮ್‌ಗೆ ಇರುವ ಚೀಟಿ ‘ಆಂಟಿವೆನಿನ್ಸ್’. ನಾವು ಯಾರೂ ಬಾಯಲ್ಲಿ ಹೇಳದ ಪದ, ಅಲ್ವಾ?

ಮೆಶ್ ನೋಡದೆ ಸುಮ್ನೆ ಟೈಪ್ ಮಾಡಿದರೂ ಪಬ್‌ಮೆಡ್ ಎಷ್ಟೋ ಸಲ ತಾನೇ ಚೀಟಿ ಹುಡುಕಿಕೊಳ್ಳುತ್ತದೆ. ‘ಹಾರ್ಟ್ ಅಟ್ಯಾಕ್’ ಎಂದರೆ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಅನ್ನೂ ಸೇರಿಸಿಕೊಳ್ಳುತ್ತದೆ. ಆದರೆ ಉದ್ಧರಣ ಚಿಹ್ನೆ ಹಾಕಿದಿರೋ, ಆ ಸಹಾಯ ನಿಂತಿತು. ಏನು ಅರ್ಥ ಮಾಡಿಕೊಂಡಿದೆ ಎಂದು ‘ಅಡ್ವಾನ್ಸ್‌ಡ್’ ಪುಟದ ‘ಡೀಟೇಲ್ಸ್’ನಲ್ಲಿ ಪ್ರತಿ ಸಲ ನೋಡಿ.

ಮೆಶ್ ಒಂದನ್ನೇ ನಂಬಿ ಕೂರಬೇಡಿ. ತೀರಾ ಹೊಸ ಪೇಪರಿಗೆ ಚೀಟಿ ಬಿದ್ದಿರದೇ ಇರಬಹುದು. ಹಾಗಾಗಿ ಜನ ಬಳಸುವ ಪದಗಳನ್ನೂ ಜೊತೆಗೆ ಹಾಕಿ: ಸ್ನೇಕ್‌ಬೈಟ್, ಎನ್‌ವೆನೊಮೇಶನ್, ಎನ್‌ವೆನಮಿಂಗ್ (ಕೊನೆಯ ಎರಡೂ ವಿಷ ಮೈಗೇರುವುದಕ್ಕೆ). ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಈ ಕೊನೆಯ ಪದದಿಂದಲೇ. ಹಾವಿನ ಪದಗಳನ್ನೆಲ್ಲ ‘ಆರ್’ (OR) ಹಾಕಿ ಒಂದು ಬ್ರಾಕೆಟ್ಟಿಗೆ ತುಂಬಿ. ಔಷಧದ ಪದಗಳಿಗೆ ಇನ್ನೊಂದು ಬ್ರಾಕೆಟ್. ನಡುವೆ ‘ಆಂಡ್’ (AND). ಈ ಎರಡೂ ಇಂಗ್ಲಿಷ್‌ನ ದೊಡ್ಡಕ್ಷರದಲ್ಲೇ ಇರಲಿ. ಬ್ರಾಕೆಟ್ ಮರೆತರೆ ಪಬ್‌ಮೆಡ್ ಎಡದಿಂದ ಬಲಕ್ಕೆ ಸುಮ್ನೆ ಓದಿಕೊಂಡು ಹೋಗುತ್ತದೆ. ಲೆಕ್ಕ ಎಲ್ಲಾ ತಲೆಕೆಳಗು.

ಇನ್ನು ‘ಫ್ರೀ ಫುಲ್ ಟೆಕ್ಸ್ಟ್’ ಎಂಬ ಫಿಲ್ಟರ್, ಪೂರ್ತಿ ಉಚಿತವಾಗಿ ಓದಲು ಸಿಗುವ ಪೇಪರುಗಳನ್ನಷ್ಟೇ ತೋರಿಸುವಂಥದ್ದು. ನನಗೆ ಅದನ್ನು ಕಂಡರೇ ಆಗುವುದಿಲ್ಲ. ಮೊದಲೇ ಟಿಕ್ ಹಾಕಿದರೆ ಒಳ್ಳೆಯ ಪೇಪರುಗಳು ಕಣ್ಣಿಗೇ ಬೀಳುವುದಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕಾಲೇಜಿನಲ್ಲಿದ್ದರೆ ನಿಮಗೆ ಹೆಲಿನೆಟ್ ಇದೆ, ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿ. 2003ರಿಂದ ನಡೆಯುತ್ತಿದೆ. ಲಾಗಿನ್ ಗೊತ್ತಿಲ್ಲದಿದ್ದರೆ ಲೈಬ್ರರಿಯಲ್ಲಿ ಕೇಳಿ. ಅಲ್ಲೂ ಸಿಗದಿದ್ದರೆ ಲೇಖಕರಿಗೇ ಎರಡು ಸಾಲಿನ ಮೇಲ್ ಬರೆಯಿರಿ. ಎಷ್ಟೋ ಜನ ಖುಷಿಯಿಂದ ಕಳಿಸುತ್ತಾರೆ.

ರೆಫರೆನ್ಸ್‌ಗಳನ್ನು ಜೋಡಿಸಿಡಲು ಝೊಟೆರೊ ಎಂಬ ಸಾಫ್ಟ್‌ವೇರ್ ಇಳಿಸಿಕೊಳ್ಳಿ, ಉಚಿತ. ಪೈರೇಟೆಡ್ ಸಾಫ್ಟ್‌ವೇರ್ ಬೇಡ. ಚಾಟ್‌ಬಾಟ್ ಕೊಟ್ಟ ರೆಫರೆನ್ಸ್ ಅಂತೂ ನೇರವಾಗಿ ಥೀಸಿಸ್‌ಗೆ ಹಾಕಲೇಬೇಡಿ. ಜರ್ನಲ್ ಹೆಸರು ನಿಜ, ವರ್ಷ ನಿಜದಂತಿದೆ, ಪೇಪರ್ ಮಾತ್ರ ಹುಟ್ಟಿಯೇ ಇಲ್ಲ, ಹೀಗೂ ಆಗುತ್ತದೆ. ಒಂದೊಂದರ ಶೀರ್ಷಿಕೆಯನ್ನೂ ಪಬ್‌ಮೆಡ್‌ನಲ್ಲಿ ಹಾಕಿ ನೋಡಿ.

ಕೊನೆಗೆ, ಹುಡುಕಿದ ಸಾಲನ್ನು ಇದ್ದ ಹಾಗೇ ಕಾಪಿ ಮಾಡಿ, ಪಕ್ಕದಲ್ಲಿ ತಾರೀಖು ಮತ್ತು ಎಷ್ಟು ಪೇಪರ್ ಬಂತು ಎಂದು ಬರೆದಿಟ್ಟುಕೊಳ್ಳಿ. ಆರು ತಿಂಗಳ ನಂತರ ಗೈಡ್ ‘ಹೇಗೆ ಹುಡುಕಿದಿರಿ?’ ಅಂತ ಕೇಳಿಯೇ ಕೇಳುತ್ತಾರೆ.