ಬಾದಾಮಿಗೆ ಬಿಸಿನೀರಿನ ಸ್ನಾನ

ನಮ್ಮದು ಶ್ರೀನಿವಾಸಪುರದ ಕಡೆ ಮಾವಿನ ತೋಟ. ಮಂಡಿಗೆ ಹಾಕುವವರೆಗೆ, ಕಾಯಿ ಆಮೇಲೆ ಏನಾಗುತ್ತದೆ ಅಂತ ನಾನು ಯೋಚಿಸಿದವನೇ ಅಲ್ಲ. ಬೆಂಗಳೂರಿನ ಮನೆಗಳಿಗೆ ನೇರವಾಗಿ ಬಾಕ್ಸ್ ಕಳಿಸಲು ಶುರು ಮಾಡಿದ ವರ್ಷ ಫೋಟೋಗಳು ಬರತೊಡಗಿದವು. ಕಳಿಸುವಾಗ ಚೊಕ್ಕವಾಗಿದ್ದ ಬಾದಾಮಿ ಮಾವು, ಆರನೇ ದಿನಕ್ಕೆ ಮೈತುಂಬ ಕಪ್ಪು ಚುಕ್ಕೆ, ತೊಟ್ಟಿನ ಸುತ್ತ ಕೊಳೆ.

ಅದು ಚಿಬ್ಬು ರೋಗ. ಅದರ ಶಿಲೀಂಧ್ರ ಕಾಯಿ ಎಳಸಾಗಿರುವಾಗಲೇ ಸಿಪ್ಪೆಯೊಳಗೆ ಸೇರಿ ಸುಮ್ನೆ ಕೂತಿರುತ್ತದೆ, ಹಣ್ಣಾಗುವಾಗ ಎದ್ದೇಳುತ್ತದೆ. ಹಾಗಾಗಿ ಮೇಲೆ ಒರೆಸಿ ಪ್ರಯೋಜನವಿಲ್ಲ. 52 ಡಿಗ್ರಿ ಬಿಸಿನೀರಲ್ಲಿ 10 ನಿಮಿಷ ಮುಳುಗಿಸಬೇಕು ಅಂತ ತಿಳಿದವರು ಅಂದರು.

ಮೊದಲ ಸಲ ಹಂಡೆಗೆ ಸೌದೆ ಉರಿ ಹಾಕಿ, ಕೈ ಅದ್ದಿ ಬಿಸಿ ನೋಡಿದೆ. ಅಮ್ಮ ನಕ್ಕರು: "ಮಾವಿನಕಾಯಿಗೂ ಎಣ್ಣೆಸ್ನಾನ ಮಾಡಿಸ್ತೀಯೇನೋ?" ಮೂರನೇ ದಿನ ಆ ಕಾಯಿಗಳ ಸಿಪ್ಪೆ ಕಂದು ತಿರುಗಿತ್ತು. ಬೆಂದೇ ಹೋಗಿದ್ದವು. ಒಂದು ಬುಟ್ಟಿ ಪೂರ್ತಿ ದನಕ್ಕೆ.

ಥರ್ಮಾಮೀಟರ್ ತಂದ ಮೇಲೆ ಕೆಲಸ ಹದಕ್ಕೆ ಬಂತು. ಈಗ 200 ಲೀಟರ್ ಡ್ರಮ್, ಕರೆಂಟ್ ಹೀಟರ್. ಒಂದು ಸಲಕ್ಕೆ 20 ಕೆಜಿಗಿಂತ ಜಾಸ್ತಿ ಇಳಿಸುವುದಿಲ್ಲ. ತಣ್ಣನೆ ಕಾಯಿ ಇಳಿಸಿದ ಕೂಡಲೇ ನೀರಿನ ಬಿಸಿ ಇಳಿಯುತ್ತದೆ, ಅದಕ್ಕೆ 53ಕ್ಕೆ ಕಾಯಿಸಿಟ್ಟುಕೊಂಡು ಕೋಲಲ್ಲಿ ನೀರು ಕಲಕುತ್ತಾ ಇರುತ್ತೇನೆ. ಕಲಕದಿದ್ದರೆ ಮೇಲೊಂದು ಬಿಸಿ, ತಳದಲ್ಲೊಂದು ಬಿಸಿ. ಎತ್ತಿದ ಮೇಲೆ ತಣ್ಣೀರು, ಆಮೇಲೆ ನೆರಳಲ್ಲಿ ಫ್ಯಾನ್ ಗಾಳಿ. ಒದ್ದೆಯಾಗಿ ಬಾಕ್ಸಿಗೆ ಹಾಕಿದರೆ ಮಾಡಿದ್ದೆಲ್ಲ ನೀರುಪಾಲು.

ಆದರೆ ನಿಜವಾದ ಜಗಳ ಕೀಳುವವರ ಜೊತೆ. ತೊಟ್ಟು ಕಿತ್ತು ಬಂದರೆ ಸೊನೆ ಚಿಮ್ಮುತ್ತದೆ. ಅದು ಸಿಪ್ಪೆ ಮೇಲೆ ಹರಿದ ದಾರಿಯೆಲ್ಲ ಮರುದಿನ ಕಪ್ಪು ಗೆರೆ. ಬಿಸಿನೀರು ಅದನ್ನು ಅಳಿಸುವುದಿಲ್ಲ. ಈಗ ಬೆರಳುದ್ದ ತೊಟ್ಟು ಬಿಟ್ಟು ಕೀಳುತ್ತೇವೆ. ಶೆಡ್ಡಿನಲ್ಲಿ ತೊಟ್ಟು ಕತ್ತರಿಸಿ, ಬಲೆಯ ಮೇಲೆ ಕಾಯಿ ತಲೆಕೆಳಗಾಗಿ ಇಡುತ್ತೇವೆ. ಸೊನೆ ತೊಟ್ಟಿಕ್ಕಿ ನಿಲ್ಲುವವರೆಗೆ ಅಲುಗಾಡಿಸುವುದಿಲ್ಲ. ಕೂಲಿ ಜಾಸ್ತಿಯಾಗುತ್ತದೆ, ನಿಜ. ಕೊಳೆತ ಬಾಕ್ಸಿಗೆ ಬದಲಿ ಕಳಿಸುವುದಕ್ಕಿಂತ ಕಡಿಮೆಯೇ.

ಒಂದು ಮಾತು. ಬಿಸಿನೀರು ಕಾಯಿ ಹಣ್ಣಾಗುವುದನ್ನು ತಡೆಯುವುದಿಲ್ಲ. ಸ್ವಲ್ಪ ಬೇಗ, ಒಂದೇ ಸಮ ಬಣ್ಣ ಬರುತ್ತದೆ ಅಷ್ಟೇ. ಉಳಿಯುವುದು ಕೊಳೆಯದ ಕಾರಣಕ್ಕೆ. ಬಾದಾಮಿಯ ಒಳಗೆ ಬೆಳ್ಳಗೆ, ಹುಳಿಯಾಗಿ ಉಳಿಯುವ ಸ್ಪಂಜಿನಂಥ ತಿರುಳಿಗೂ ಇದು ಮದ್ದಲ್ಲ. ಹೊರಗೆ ಏನೂ ಕಾಣುವುದಿಲ್ಲ, ಹಣ್ಣು ಕತ್ತರಿಸಿದಾಗಲೇ ಗೊತ್ತಾಗುವುದು. ಅಂಥದ್ದು ಸಿಕ್ಕಿದರೆ ಫೋಟೋ ಕಳಿಸಿ, ಮುಂದಿನ ಬಾಕ್ಸಿನಲ್ಲಿ ಸೇರಿಸಿ ಕೊಡುತ್ತೇನೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಇಷ್ಟಾದರೂ ಕೆಲವರು ಬಾಕ್ಸ್ ಬಂದ ಕೂಡಲೇ ಕಾಯಿಯನ್ನು ಫ್ರಿಜ್ಜಿಗೆ ತುರುಕುತ್ತಾರೆ. ಮಾವಿಗೆ 12 ಡಿಗ್ರಿಗಿಂತ ಕೆಳಗಿನ ಚಳಿ ಆಗಿಬರುವುದಿಲ್ಲ. ಆಮೇಲೆ ಹೊರಗಿಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ. ಅದಕ್ಕೆ ಈಗ ಬಾಕ್ಸಿನ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆಯುತ್ತೇನೆ: "ಹಣ್ಣಾಗುವ ತನಕ ಫ್ರಿಜ್ಜಿಗೆ ಇಡಬೇಡಿ."