ಕೆರೆ ಸರಿಮಾಡಬೇಕೆ? ನೀರು ಬರುವ ದಾರಿ ಹಿಡಿದು ನಡೆಯಿರಿ

ಕೆರೆ ಹಸಿರುಗಟ್ಟಿ ನಾತ ಹೊಡೆಯಲು ಶುರುವಾದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಹೂಳೆತ್ತುವ ಮಾತು. ನಿಜಕ್ಕೂ ಅದು ಕೊನೆಗೆ ಮಾಡುವ ಕೆಲಸ. ಮೇಲಿಂದ ಕೊಳಚೆ ಬರುತ್ತಲೇ ಇದ್ದರೆ ಎಷ್ಟು ತೋಡಿದರೂ ಮತ್ತದೇ ಕಥೆ, ಅಲ್ವಾ?

ಮೊದಲು ಕೆರೆಗೆ ಬರುವ ಒಂದೊಂದು ಕಾಲುವೆಯ ಗುಂಟ ಮೇಲಕ್ಕೆ ನಡೆಯಿರಿ. ಬೇಸಿಗೆ ಕಳೆದ ಮೇಲಿನ ಮೊದಲ ದೊಡ್ಡ ಮಳೆಯ ದಿನವೇ ಹೋಗಿ. ಅಷ್ಟು ದಿನ ನೆಲದ ಮೇಲೆ ಕೂತಿದ್ದ ಗಲೀಜೆಲ್ಲ ಅಂದೇ ಇಳಿದು ಬರುತ್ತದೆ. ಎಲ್ಲಿ ನೀರು ಕೆಂಪಾಯಿತು, ಎಲ್ಲಿ ನೊರೆ ಎದ್ದಿತು ಎಂದು ನಕ್ಷೆಯಲ್ಲಿ ಗುರುತು ಹಾಕಿ. ಮಳೆ ನಿಂತು ಕೆಲವು ದಿನ ಬಿಟ್ಟು ಇನ್ನೊಮ್ಮೆ ಹೋಗಿ. ಒಣ ದಿನದಲ್ಲೂ ಮಳೆನೀರಿನ ಪೈಪಿನಿಂದ ನೀರು ಸುರಿಯುತ್ತಿದ್ದರೆ ಯಾರದೋ ಕೊಳಚೆ ಅದಕ್ಕೆ ಸೇರಿರಬಹುದು.

ನೀವು ಹುಡುಕುತ್ತಿರುವ ಮುಖ್ಯ ಕಳ್ಳ ರಂಜಕ, ಅಂದರೆ ಫಾಸ್ಫರಸ್. ಕೊಳಚೆ, ಡಿಟರ್ಜೆಂಟ್, ಗೊಬ್ಬರ, ಕೊಚ್ಚಿ ಬಂದ ಮಣ್ಣು, ಎಲ್ಲದರಲ್ಲೂ ಅದಿದೆ. 1 ಕಿಲೋ ರಂಜಕ ಸುಮಾರು 500 ಕಿಲೋ ಹಸಿ ಪಾಚಿ ಬೆಳೆಸಬಲ್ಲದು. ಕೆನಡಾದ ವಿಜ್ಞಾನಿಗಳು 1973ರಲ್ಲಿ '226' ಎಂಬ ಸರೋವರದ ನಡುವೆ ಪರದೆ ಕಟ್ಟಿದರು. ಎರಡೂ ಕಡೆ ಸಾರಜನಕ, ಇಂಗಾಲ ಹಾಕಿ, ಒಂದು ಕಡೆ ಮಾತ್ರ ರಂಜಕವನ್ನೂ ಸೇರಿಸಿದರು. ಪಾಚಿ ಉಕ್ಕಿದ್ದು ಆ ಕಡೆಯೇ.

ಕೆಲಸ ಶುರುಮಾಡುವ ಮೊದಲೇ ನೀರು ಎಷ್ಟು ತಿಳಿಯಾಗಿದೆ ಎಂದು ಅಳೆದಿಡಿ. 20 ಸೆಂ.ಮೀ. ಅಗಲದ ಬಿಲ್ಲೆಗೆ ನಾಲ್ಕು ಭಾಗ ಮಾಡಿ ಕಪ್ಪು-ಬಿಳಿ ಬಣ್ಣ ಬಳಿಯಿರಿ. ಭಾರ ಕಟ್ಟಿ, ಅಳತೆಯ ಹಗ್ಗದಲ್ಲಿ ನಡುಮಧ್ಯಾಹ್ನ ದೋಣಿಯ ನೆರಳಿನ ಕಡೆ ಇಳಿಬಿಡಿ. ಕಣ್ಮರೆಯಾದ ಆಳ, ಮೇಲೆಳೆಯುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿಯೇ ನೀರಿನ ತಿಳಿ. ತಂಪು ಕನ್ನಡಕ ತೆಗೆದಿಡಿ.

ಈಗ ಒಳಹರಿವು ತಡೆಯಿರಿ. ಕೊಳಚೆಯನ್ನು ಶುದ್ಧೀಕರಣ ಘಟಕಕ್ಕೆ ತಿರುಗಿಸಿ. ಕಾಲುವೆಯ ಎರಡೂ ಬದಿ ಹುಲ್ಲು, ಪೊದೆ ಬೆಳೆಸಿ. ನೀರು ಕೆರೆ ಸೇರುವ ಬಾಯಲ್ಲಿ ಜೊಂಡಿನ ತಗ್ಗು ಮಾಡಿದರೆ ಮಣ್ಣು ಅಲ್ಲೇ ಕೂರುತ್ತದೆ. ಅಮೆರಿಕದ ಲೇಕ್ ವಾಷಿಂಗ್ಟನ್‌ಗೆ ಬರುತ್ತಿದ್ದ ಕೊಳಚೆಯನ್ನು 1963ರಿಂದ 1968ರೊಳಗೆ ಬೇರೆಡೆ ತಿರುಗಿಸಿದರು. 1964ರಲ್ಲಿ ಒಂದು ಮೀಟರಿಗೂ ಕಡಿಮೆ ಇದ್ದ ತಿಳಿ, 1968ರ ಹೊತ್ತಿಗೆ ಸುಮಾರು ಮೂರು ಮೀಟರ್ ಆಗಿತ್ತು.

ಎಲ್ಲ ಕೆರೆಗೂ ಆ ಅದೃಷ್ಟವಿಲ್ಲ. ಆಳವಿಲ್ಲದ ಕೆರೆಯ ತಳದ ಕೆಸರಿನಲ್ಲಿ ಹಳೆಯ ರಂಜಕ ಕೂತಿರುತ್ತದೆ. ತಳದಲ್ಲಿ ಆಮ್ಲಜನಕ ಮುಗಿದರೆ ಅದು ಕರಗಿ ಮೇಲೇಳುತ್ತದೆ. ಹೂಳೆತ್ತುವುದಕ್ಕೆ ಅರ್ಥ ಬರುವುದು ಇಲ್ಲೇ. ತೆಗೆದ ಹೂಳನ್ನು ಸುಮ್ನೆ ಹೊಲಕ್ಕೆ ಸುರಿಯಬೇಡಿ, ಸೀಸ, ಕ್ಯಾಡ್ಮಿಯಂ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಅಂಚನ್ನು ಗೋಡೆಯಂತೆ ಕಡಿದಾಗಿ ಕೊರೆಯುವುದು ನನಗೆ ಒಪ್ಪದ ಮಾತು. ಜೊಂಡಿಗೂ ಹಕ್ಕಿಗೂ ಇಳಿಜಾರಿನ ತೆಳುನೀರು ಬೇಕು. ಕಾರಂಜಿ ಹಾಕುವವರು ಹಾಕಲಿ, ನೋಡಲು ಚೆಂದ. ರಂಜಕವನ್ನಂತೂ ಅದು ಹೊರಹಾಕುವುದಿಲ್ಲ.

ಮೀನು ಬಿಡುವ ಆತುರ ಬೇಡ. ಸಾಮಾನ್ಯ ಗೆಂಡೆಯಂಥ ತಳ ಕೆದಕುವ ಮೀನು ಜಾಸ್ತಿಯಾದರೆ ಕೆಸರು ಮತ್ತೆ ಕದಡುತ್ತದೆ. ನೀರೊಳಗಿನ ಗಿಡಗಳು ಬೇರೂರಿದ ಮೇಲೆ ಬಿಟ್ಟರಾಯಿತು.