ರಾತ್ರಿ ಕಾರಿನ ಕರೆಂಟ್ ಕಟ್ ಮಾಡಿಯೇ ಮಲಗುತ್ತೇನೆ

ನನ್ನದು 2003ರ ಮಾರುತಿ 800. ಅಪ್ಪ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಒಂದು ಪಾಲು ಕೊಟ್ಟಿದ್ದರು. ಅದರಿಂದ ಪುಣೆಯಲ್ಲೇ ಕೊಂಡ ಕಾರು. ಈಗ ಅಪ್ಪ ಇಲ್ಲ, ಕಾರು ಇದೆ. ಇಷ್ಟು ಹಳೇ ಗಾಡಿ ಕಳುವಾದರೆ ಇನ್ಶೂರೆನ್ಸ್‌ನಿಂದ ಕೈಗೆ ಬರುವ ಹಣ ತೀರಾ ಕಡಿಮೆ. ಬಂದರೂ ಆ ದುಡ್ಡಿಗೆ ಅಪ್ಪನ ಕಾರು ಸಿಗುತ್ತಾ?

ನಾವಿರುವುದು ಧನಕವಡಿಯಲ್ಲಿ, ಇಳಿಜಾರಿನ ಓಣಿ. ಪಾರ್ಕಿಂಗ್ ಇಲ್ಲ, ರಸ್ತೆ ಬದಿಯಲ್ಲೇ ನಿಲ್ಲಿಸಬೇಕು. ಎರಡು ವರ್ಷದ ಹಿಂದೆ ಎದುರು ಮನೆಯವರ ಹಳೇ ಕಾರು ರಾತ್ರೋರಾತ್ರಿ ಮಾಯವಾಯಿತು. ಮಾರನೇ ದಿನವೇ ನಾನು ಬ್ಯಾಟರಿಯ ಕರೆಂಟ್ ಕಟ್ ಮಾಡುವ ಕಟ್ ಆಫ್ ಸ್ವಿಚ್ ಹುಡುಕಿಕೊಂಡು ನಾನಾ ಪೇಠೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಹೋದೆ. ನನ್ನ ಕಾರಿನಲ್ಲಿ ಇಮೊಬಿಲೈಜರ್ (ಸರಿಯಾದ ಕೀ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಸಾಧನ) ಇಲ್ಲ. ಇಗ್ನಿಷನ್ ವೈರ್ ಎರಡು ಜೋಡಿಸಿದರೆ ಸಾಕು, ಹೊರಟೇಬಿಡುತ್ತದೆ.

ಮೊದಲು ತಂದದ್ದು ಬ್ಯಾಟರಿ ಟರ್ಮಿನಲ್ ಮೇಲೇ ಕೂರುವ, ಹಸಿರು ತಿರುಪಿನ ಸ್ವಿಚ್. ಹತ್ತು ನಂಬರ್ ಪಾನಾ ಒಂದಿದ್ದರೆ ಹಾಕಲು ಹತ್ತು ನಿಮಿಷ. ಮೈನಸ್ ಟರ್ಮಿನಲ್ ಬಿಚ್ಚಿ, ನಡುವೆ ಇದನ್ನು ಕೂರಿಸುವುದು ಅಷ್ಟೇ. ಆದರೆ ರಾತ್ರಿ ಒಂದು ಸಲ, ಬೆಳಿಗ್ಗೆ ಒಂದು ಸಲ ಬಾನೆಟ್ ಎತ್ತಬೇಕು. ಜುಲೈ ಮಳೆ ಶುರುವಾದ ಮೇಲೆ ಬೇಜಾರಾಯಿತು. ಮೂರನೇ ವಾರಕ್ಕೆ ಬಿಟ್ಟೇಬಿಟ್ಟೆ. ಅದೂ ಅಲ್ಲದೆ, ಗಾಡಿ ಸ್ಟಾರ್ಟ್ ಆಗದಿದ್ದರೆ ಕಳ್ಳ ಮೊದಲು ಬಾನೆಟ್ಟೇ ತೆಗೆಯುತ್ತಾನೆ. ಹಸಿರು ತಿರುಪು ಎದುರಿಗೇ ಕಾಣುತ್ತದೆ.

ಹಾಗಾಗಿ ಸ್ವಿಚ್ಚನ್ನು ಗಾಡಿ ಒಳಗೆ ತರಬೇಕು ಅಂದುಕೊಂಡೆ. ಕಾತ್ರಜ್ ಹತ್ತಿರ ನಮ್ಮ ಕಡೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾನೆ, ಇಂಡಿ ತಾಲ್ಲೂಕಿನವನು. ಪ್ಲಸ್ ಕಡೆ ಹಾಕೋಣವೇ ಎಂದು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದ. "ಬ್ಯಾಡ್ರಿ ಅಣ್ಣಾರ, ಮೈನಸ್ ಕಡೇನ ಹಾಕೋಣ. ಪ್ಲಸ್ ವೈರ್ ತಗಡಿಗೆ ಉಜ್ಜಿ ಹರಿದರ ಗಾಡಿನ ಸುಡತೈತಿ. ಮೈನಸ್ ಹರಿದರ ಏನೂ ಆಗೂದಿಲ್ಲ" ಅಂದ. ಅವನ ಮಾತು ನೂರಕ್ಕೆ ನೂರು ಸರಿ. ಗಾಡಿಯ ಬಾಡಿಯೇ ಮೈನಸ್. ಮೈನಸ್ ಕೇಬಲ್ ಬಾಡಿಗೆ ತಾಗಿದರೆ ಸ್ವಿಚ್ ಕೆಲಸ ಮಾಡುವುದಿಲ್ಲ, ಅಷ್ಟೇ. ಬೆಂಕಿ ಹತ್ತುವುದಿಲ್ಲ. ಇನ್ನೊಂದು ವಿಷಯ: ಬ್ಯಾಟರಿ ಮೈನಸ್‌ನಿಂದ ಬಾಡಿಗೊಂದು, ಗೇರ್ ಬಾಕ್ಸ್‌ಗೊಂದು ಅಂತ ಎರಡು ಕೇಬಲ್ ಹೋಗಿರುತ್ತವೆ. ಎರಡೂ ಸ್ವಿಚ್ ಮೂಲಕವೇ ಹೋಗಬೇಕು. ಒಂದು ಉಳಿದರೂ ಕರೆಂಟ್ ಆ ದಾರಿಯಲ್ಲಿ ಹರಿಯುತ್ತದೆ.

ತಪ್ಪಾಗಿದ್ದು ಕೇಬಲ್‌ನಲ್ಲಿ. ಮನೆಯಲ್ಲಿ ಮಿಕ್ಕಿದ್ದ 6 ಚದರ ಮಿ.ಮೀ. ವೈರನ್ನು ನಾನೇ ಕೊಟ್ಟಿದ್ದೆ. ಹೋಗಿ ಬರಲು ಸೇರಿ ನಾಲ್ಕು ಮೀಟರ್. ಸೆಲ್ಫ್ ಹೊಡೆದರೆ ಇಂಜಿನ್ ಮಂಕಾಗಿ ತಿರುಗಿತು, ವೈರ್ ಮುಟ್ಟಿದರೆ ಬಿಸಿ. ಮೀಟರ್ ಹಚ್ಚಿ ನೋಡಿದರೆ ಸೆಲ್ಫ್ ಹೊಡೆಯುವಾಗ ಆ ವೈರಿನಲ್ಲೇ 1.1 ವೋಲ್ಟ್ ಹೋಗುತ್ತಿತ್ತು. ಇಷ್ಟು ಚಿಕ್ಕ ಇಂಜಿನ್‌ನ ಸ್ಟಾರ್ಟರ್ ಕೂಡ ಆ ಕ್ಷಣಕ್ಕೆ 100 ಆಂಪಿಯರ್ ಹತ್ತಿರ ಎಳೆಯುತ್ತದೆ. ಮಾರನೇ ದಿನ 25 ಚದರ ಮಿ.ಮೀ. ತಾಮ್ರದ ಕೇಬಲ್ ತಂದು ಹಾಕಿಸಿದೆ. ನಷ್ಟ 0.3 ವೋಲ್ಟ್‌ಗೆ ಇಳಿಯಿತು. ಕೇಬಲ್ ಒಳಗೆ ಬರುವ ತೂತಿಗೆ ರಬ್ಬರ್ ಬುಶ್ ಹಾಕಿಸಲೇಬೇಕು. ಈ ಸಲದ ಸ್ವಿಚ್ ಕೆಂಪು ಕೀ ಇರುವಂಥದ್ದು. ತಿರುಗಿಸಿದರೆ ಕೀ ಕೈಗೆ ಬರುತ್ತದೆ. ಅದನ್ನು ಎಲ್ಲಿ ಕೂರಿಸಿದೆ ಅಂತ ಬರೆಯುವುದಿಲ್ಲ. ಅದರ ಜೀವ ಇರುವುದೇ ಆ ಗುಟ್ಟಿನಲ್ಲಿ.

ಇದರಿಂದ ಒಂದು ತೊಂದರೆಯೂ ಇದೆ. ಬ್ಯಾಟರಿ ಪೂರ್ತಿ ಕಟ್ ಆದರೆ ಅಲಾರಂ ಕೂಡ ಸತ್ತಂತೆ. ಗಾಜು ಒಡೆದರೂ ಸದ್ದಿಲ್ಲ. ಬ್ಯಾಟರಿಯಿಂದಲೇ ನಡೆಯುವ ಜಿಪಿಎಸ್ ಇದ್ದರೆ ಅದೂ ಆಫ್. ರಿಮೋಟ್ ಕೆಲಸ ಮಾಡುವುದಿಲ್ಲ, ಬಾಗಿಲಿಗೆ ಕೀಲಿಯನ್ನೇ ಹಾಕಬೇಕು. ಇದಕ್ಕೆ ಒಂದು ದಾರಿ ಅಂತ ಸ್ವಿಚ್‌ನ ಎರಡೂ ತುದಿ ಸೇರುವಂತೆ 10 ಆಂಪಿಯರ್ ಫ್ಯೂಸ್ ಇರುವ ತೆಳು ವೈರ್ ಹಾಕುತ್ತಾರೆ. ಅಲಾರಂಗೆ ಬೇಕಾದಷ್ಟು ಕರೆಂಟ್ ಅದರಲ್ಲಿ ಹೋಗುತ್ತದೆ. ಸೆಲ್ಫ್ ಹೊಡೆದ ತಕ್ಷಣ ಫ್ಯೂಸ್ ಸುಟ್ಟು ಎಲ್ಲ ಬಂದ್. ನಾನೂ ಹಾಕಿಸಿದೆ. ಒಂದು ಭಾನುವಾರ ಸುಮ್ನೆ ಪರೀಕ್ಷೆಗೆ ಅಂತ ಸೆಲ್ಫ್ ಹೊಡೆಯದೆ, ಸೆಕೆಂಡ್ ಗೇರ್ ಹಾಕಿ ಓಣಿಯ ಇಳಿಜಾರಿನಲ್ಲಿ ಬಿಟ್ಟೆ. ಇಂಜಿನ್ ಸ್ಟಾರ್ಟ್ ಆಗಿಬಿಟ್ಟಿತು! ಇಂಜಿನ್ ಓಡಲು, ಪೆಟ್ರೋಲ್ ಪಂಪ್ ನಡೆಯಲು ಅಷ್ಟು ಕರೆಂಟೇ ಸಾಕು. ಅಂದೇ ಆ ವೈರ್ ಕಿತ್ತೆಸೆದೆ. ಸಮತಟ್ಟಾದ ಜಾಗದಲ್ಲಿ ಇರುವವರಿಗೆ ಅದು ಸರಿ ಇರಬಹುದು, ನಮ್ಮ ಓಣಿಗೆ ಆಗುವುದಿಲ್ಲ.

ಇಂಜಿನ್ ಓಡುತ್ತಿರುವಾಗ ಮಾತ್ರ ಸ್ವಿಚ್ ಮುಟ್ಟಬೇಡಿ. ಬ್ಯಾಟರಿ ಇಲ್ಲದೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ವೋಲ್ಟೇಜ್ ಒಮ್ಮೆಲೇ ಏರಿ ಅದರ ಡಯೋಡ್, ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಸುಟ್ಟುಹೋಗಬಹುದು. ನಮ್ಮ ಮನೆಯಲ್ಲಿ ಹೆಂಡತಿಗೂ ಮಗನಿಗೂ ಇದನ್ನು ಎರಡೆರಡು ಸಲ ತೋರಿಸಿದ್ದೇನೆ. ಅರ್ಧರಾತ್ರಿ ಆಸ್ಪತ್ರೆಗೆ ಓಡಬೇಕಾದರೆ ಅವರು ಕತ್ತಲಲ್ಲಿ ತಡಕಾಡಬಾರದು, ಅಲ್ವಾ?

ಗಾಡಿಯನ್ನು ಕಟ್ಟಿ ಎಳೆದೊಯ್ಯುವವರನ್ನು ಈ ಸ್ವಿಚ್ ತಡೆಯುವುದಿಲ್ಲ. ಅದಕ್ಕೆ ಗೇರ್ ಲಾಕ್ ಕೂಡ ಹಾಕಿಸಿದ್ದೇನೆ. ನಾನೇ ಜೋಡಿಸಿದ ಸ್ವಿಚ್‌ಗೆ ಇನ್ಶೂರೆನ್ಸ್ ರಿಯಾಯಿತಿಯೂ ಸಿಗಲಿಲ್ಲ. ನಮ್ಮ ಕೋಥ್ರೂಡ್ ಕಡೆಯ ಗುಡ್ಡದ ಮೇಲಿರುವ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಒಪ್ಪಿದ ಸಾಧನವಾಗಿದ್ದರೆ ಮಾತ್ರ ಅದು. ಹೊಸ ಗಾಡಿಯವರು ಈ ಕೆಲಸಕ್ಕೆ ಕೈ ಹಾಕಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ಇಮೊಬಿಲೈಜರ್ ಇರುತ್ತದೆ, ವೈರಿಂಗ್ ಮುಟ್ಟಿದರೆ ವಾರಂಟಿಗೆ ಕುತ್ತು.

ಹಳೇ ಬ್ಯಾಟರಿಗೆ ಇದರಿಂದ ಇನ್ನೊಂದು ಲಾಭ ಆಯಿತು. ಹೋದ ಮೇ ತಿಂಗಳು ಹದಿನೆಂಟು ದಿನ ಧಾರವಾಡದಲ್ಲಿದ್ದೆವು. ಮೊದಲೆಲ್ಲ ಊರಿಂದ ಬಂದರೆ ಅಲಾರಂ, ಸ್ಟೀರಿಯೋ ಸೇರಿ ಬ್ಯಾಟರಿ ಇಳಿಸಿರುತ್ತಿದ್ದವು. ನಾಲ್ಕು ಜನರನ್ನು ಕರೆದು ದೂಡಬೇಕಿತ್ತು. ಈ ಸಲ ಕೆಂಪು ಕೀ ಹಾಕಿ ತಿರುಗಿಸಿದೆ. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಸ್ಟೀರಿಯೋದಲ್ಲಿ ಸ್ಟೇಷನ್‌ಗಳನ್ನು ಮಾತ್ರ ಮತ್ತೆ ಹುಡುಕಿ ಇಟ್ಟುಕೊಳ್ಳಬೇಕಾಯಿತು.